ಆಲೆಮನೆಯ ಜ್ಞಾನಿ

ಪಾಂಡವಪುರದ ಆಚೆ ಪುಟ್ಟಸ್ವಾಮಿಯ ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವ ಚಿಕ್ಕಸ್ವಾಮಿಗೆ ಊರವರು ಜ್ಞಾನಿಯ ಪಟ್ಟ ಕಟ್ಟಿ ಎರಡು ವರ್ಷವಾಗಿತ್ತು. ಹೆಂಡತಿ ಪುಟ್ಟಗೌರಮ್ಮ ತೀರಿಕೊಂಡ ದಿನ ಅವನು ಅಳಲಿಲ್ಲ. ಮೊಮ್ಮಗಳು ಹುಟ್ಟಿದಾಗ ನಗಲಿಲ್ಲ. ನಮ್ಮ ಜನಕ್ಕೆ ಇಷ್ಟು ಸಾಕು. ಸುಖದುಃಖ ಎರಡನ್ನೂ ಗೆದ್ದು ಒಳಗೇ ಆನಂದವಾಗಿದ್ದಾನೆ ಎಂದು ಸಾರಿಬಿಟ್ಟರು. ಅರಳಿಕಟ್ಟೆಯ ಮೇಲೆ ವೇದಾಂತ ಆಡಿ ಆಡಿ ಬಾಯಿ ನೋಯಿಸಿಕೊಂಡವರಿಗೂ ಸಿಗದ ಪದವಿ, ಬಾಯಿ ಮುಚ್ಚಿಕೊಂಡಿದ್ದವನಿಗೆ ಸಿಕ್ಕಿತು.

ಅವನು ಅಲ್ಲವೆನ್ನಲಿಲ್ಲ. ಒಳಗಿರುವುದು ಆನಂದವೋ, ಅಥವಾ ಏನೂ ಇಲ್ಲವೋ, ಅವನಿಗೇ ತಿಳಿಯದು. ಉಂಡರೆ ಹೊಟ್ಟೆ ತುಂಬುತ್ತಿತ್ತು, ಮಲಗಿದರೆ ಬೆಳಗಾಗುತ್ತಿತ್ತು. ತಣ್ಣೀರಿಗೆ ಪಾಕದ ಹನಿ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ, ಇಳಿಸಿ ಎನ್ನುವುದು ಮಾತ್ರ ಒಂದು ದಿನವೂ ತಪ್ಪಿರಲಿಲ್ಲ.

ಒಂದು ಮಧ್ಯಾಹ್ನ ಹೊಣಕೆರೆಯಿಂದ ಎರಡು ಬಸ್ಸು ಬದಲಿಸಿಕೊಂಡು ರವೀಂದ್ರ ಎಂಬವನು ಬಂದ. ಅವನ ಹೆಂಡತಿ ಅರ್ಪಿತ ತೀರಿಹೋಗಿ ತಿಂಗಳಾಗಿತ್ತು. ಜ್ಞಾನಿಯ ಸುದ್ದಿ ಕೇಳಿ ಬಂದವನು ಕುದಿಯುವ ಕೊಪ್ಪರಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಈ ಸಂಕಟವನ್ನು ಗೆಲ್ಲುವುದು ಹೇಗೆಂದು ಕೇಳಿದ. ಬೇಕಾದರೆ ಇಲ್ಲೇ ಇದ್ದು ಕಲಿಯುತ್ತೇನೆ ಎಂದ.

ಆ ಕೆಂಪು ಕಣ್ಣಿನ ಮುಂದೆ ಚಿಕ್ಕಸ್ವಾಮಿಗೆ ಸುಳ್ಳು ಹೇಳಲಾಗಲಿಲ್ಲ.

"ನಾನೇನೂ ಗೆದ್ದಿಲ್ಲ ಕಣ್ಲಾ. ಒಳಗೆಲ್ಲ ಸೀದೋಗ್ಬುಟ್ಟದೆ, ಅಷ್ಟೇಯ. ನಿಂಗಿನ್ನೂ ನೋವಾಯ್ತದಲ್ಲ, ಅದ ಕಳ್ಕಬ್ಯಾಡ."

ರವೀಂದ್ರ ಅವನ ಹೆಗಲಿಗೆ ಒರಗಿ ಗೊಳೋ ಎಂದು ಅತ್ತ. ಕೊಪ್ಪರಿಗೆಯಲ್ಲಿ ಪಾಕ ಹದಕ್ಕೆ ಬಂತು, ಹದ ಮೀರಿತು. ಚಿಕ್ಕಸ್ವಾಮಿ ಇಳಿಸಿ ಎನ್ನದೆ ಕೊಪ್ಪರಿಗೆ ಇಳಿಸುವ ರೂಢಿ ಅಲ್ಲಿಲ್ಲ. ಜ್ಞಾನಿ ಸುಮ್ಮನಿದ್ದಾನೆಂದರೆ ಏನೋ ಇರಬೇಕು ಎಂದು ಒಲೆಯವರೂ ಸುಮ್ಮನೆ ನಿಂತರು.

ಸೀದ ವಾಸನೆಗೆ ಪುಟ್ಟಸ್ವಾಮಿ ಓಡಿಬಂದು, ನಿನ್ನ ಜ್ಞಾನಕ್ಕೆ ಬೆಂಕಿ ಬೀಳ ಎಂದು ಎಲ್ಲರೆದುರು ಬೈದ. ಆ ಮಾತು ಚುರುಕ್ಕನೆ ನಾಟಿತು. ಅದರ ಹಿಂದೆಯೇ, ಇಂಥ ಬೈಗುಳ ತಿಂದು ಮನೆಗೆ ಹೋದರೆ ಹೇಳಿಕೊಳ್ಳಲು ಗೌರಮ್ಮನಿಲ್ಲ ಎಂಬುದೂ ನಾಟಿತು. ಎರಡು ವರ್ಷದಿಂದ ಗೊತ್ತಿದ್ದ ಸಂಗತಿಗೆ ಅವನಿಗೆ ನೋವಾದದ್ದು ಅಂದೇ.

ಚಿಕ್ಕಸ್ವಾಮಿ ಅತ್ತುಬಿಟ್ಟ. ಒಲೆಯವರು ನಾಚಿಕೆಪಟ್ಟು ಮುಖ ತಿರುಗಿಸಿದರು. ಅಳುತ್ತ ಅಳುತ್ತ ಅವನಿಗೆ ಒಳಗೆ, ಆ ನೋವಿಗಿಂತಲೂ ಕೆಳಗೆ, ಒಂದು ಸಂತೋಷ ತಣ್ಣಗೆ ಕೂತಿರುವುದು ತಿಳಿಯಿತು. ಗೌರಮ್ಮನ ಜೊತೆ ಬಾಳಿದ ಸಂತೋಷ. ಅದಕ್ಕೆ ಸಾವು ತಟ್ಟಿರಲಿಲ್ಲ.