ಎದುರು ಖೋಲಿಯ ಎಮ್ಮೆ

ಮೊನ್ನೆ ನನಗೆ ಜ್ವರ ಬಂದಾಗ ನೀವು ಟಿವಿ ಆರಿಸಿ, ಬಾಗಿಲೆಳೆದುಕೊಂಡು, ತುದಿಗಾಲಲ್ಲಿ ಹೋದಿರಲ್ಲ ಮಕ್ಕಳೇ, ನನಗೆಷ್ಟು ಸಿಟ್ಟು ಬಂದಿತ್ತೆಂದು ನಿಮಗೆ ಗೊತ್ತಿಲ್ಲ. ಬಾಯಿಬಿಟ್ಟು ಹೇಳುವ ಅಭ್ಯಾಸ ನನಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕಾಯಿಲೆಯವರಿಗೆ ನಿಶ್ಶಬ್ದ ಬೇಕೆಂದು ಮೊದಲು ಹೇಳಿದವರು ಯಾರೋ ಕಾಣೆ. ಅವರು ಎಂದೂ ಕಾಯಿಲೆ ಬಿದ್ದಿರಲಿಕ್ಕಿಲ್ಲ.

ಇದೇ ಉಪಕಾರವನ್ನು ನಿಮ್ಮ ಅಜ್ಜನೂ ಒಮ್ಮೆ ಮಾಡಿದ್ದರು. ಎಪ್ಪತ್ತರ ದಶಕದ ಕೊನೆ. ಮಲಾಡಿನ ಚಾಳಿನಲ್ಲಿದ್ದೆವು, ಒಂದೊಂದೇ ಕೋಣೆಯ ಮನೆಗಳ ವಠಾರ. ನನಗೆ ಕಾಮಾಲೆಯಾಗಿ, ಗಾಳಿಗೆಂದು ಮಂಚವನ್ನು ಬಾಗಿಲ ಬಳಿ ಹಾಕಿದ್ದರು. ಎದುರು ಖೋಲಿ ಉಡುಪಿ ಕಡೆಯ ವಾರಿಜಕ್ಕನದು. ಇಡೀ ಚಾಳಿಗೆ ಟಿವಿ ಇದ್ದದ್ದು ಅಲ್ಲೊಂದೇ. ಸಂಜೆ ರೈತರ ಮರಾಠಿ ಕಾರ್ಯಕ್ರಮ ಶುರುವಾದರೆ ಅಲ್ಲಿ ಕೂತವರೆಲ್ಲ ಚಹಾಕ್ಕೆ ಎದ್ದುಹೋಗುವರು. ಆ ತಲೆಗಳು ಸರಿದ ಮೇಲಷ್ಟೇ ನನಗೆ ಪರದೆ ಕಾಣುತ್ತಿತ್ತು. ಹಾಗಾಗಿ ನಾನು ನೋಡಿದ್ದೆಲ್ಲ ಗೊಬ್ಬರ, ಈರುಳ್ಳಿ ಮತ್ತು ಎಮ್ಮೆ.

ಎಮ್ಮೆಯದು ಹಳೆಯ ಕಾರ್ಯಕ್ರಮ. ಹೊಸದಿಲ್ಲದಾಗಲೆಲ್ಲ ಅದನ್ನೇ ಹಾಕುತ್ತಿದ್ದರು. ಎಮ್ಮೆ ಮೇವು ಬಿಡುತ್ತದೆ, ಡಾಕ್ಟರು ಸೈಕಲ್ಲಿನಲ್ಲಿ ಬರುತ್ತಾರೆ, ಬಿದಿರ ಗೊಟ್ಟದಲ್ಲಿ ಬಾಯಿಗೆ ಔಷಧ ಹೊಯ್ಯುತ್ತಾರೆ, ಕೊನೆಗೆ ಎಮ್ಮೆ ಮೇವಿಗೆ ಬಾಯಿ ಹಾಕುತ್ತದೆ. ಸಪ್ಪೆ ಗಂಜಿ ಕಂಡರೆ ಮುಖ ತಿರುಗಿಸುತ್ತಿದ್ದ ನಾನು ಆಗ ನಾಲ್ಕು ಚಮಚ ಕುಡಿಯುತ್ತಿದ್ದೆ. ಊರಿನಲ್ಲಿ ಪುರಾಣ ಕೇಳಲು ಬರುವವರಿಗೂ ಕಥೆ ಗೊತ್ತಿರುತ್ತಿತ್ತು. ಗೊತ್ತಿದ್ದದ್ದು ಗೊತ್ತಿದ್ದ ಹಾಗೇ ಆಗಲಿ ಎಂದೇ ಅವರು ಬರುತ್ತಿದ್ದರು. ನಾಳೆ ಹೇಗೋ ಏನೋ ಎಂದು ಹೆದರಿ ಮಲಗಿದವಳಿಗೆ ಅದಕ್ಕಿಂತ ದೊಡ್ಡ ಔಷಧವಿಲ್ಲ.

ಆದರೆ ಎಮ್ಮೆ ನೋಡಿ ಗಂಜಿ ಕುಡಿಯುತ್ತೇನೆಂದು ಗಂಡನಿಗೆ ಹೇಳುವುದು ಹೇಗೆ? ಅವರು ಬಂದೊಡನೆ ಗೋಡೆಯ ಕಡೆ ಹೊರಳುತ್ತಿದ್ದೆ. ಪಾಪ, ಟಿವಿಯ ಸದ್ದಿಗೆ ಹೀಗೆ ಹೊರಳುತ್ತಾಳೆಂದು ಅವರು ತಿಳಿದರು. ಮೂರನೆಯ ಸಲ ಎಮ್ಮೆ ಕಾಯಿಲೆ ಬಿದ್ದ ಸಂಜೆ, ಡಾಕ್ಟರು ಇನ್ನೂ ಸೈಕಲ್ ಇಳಿದಿರಲಿಲ್ಲ, ಇವರು ಎದುರಿಗೆ ಹೋಗಿ, “ಆಕಿಗೆ ಸಪ್ಪಳ ಆಗಂಗಿಲ್ರಿ ಅಕ್ಕಾ, ಬಾಗಲಾ ಸ್ವಲ್ಪ ಮುಂದಕ್ಕ ಮಾಡ್ರಿ,” ಎಂದರು.

ಬಾಗಿಲು ಮುಚ್ಚಿತು. ಇವರು ಗಂಜಿಯ ಬಟ್ಟಲು ಹಿಡಿದು ಬಂದರು. ನನಗೆ ಒಂದು ಗುಟುಕೂ ಇಳಿಯಲಿಲ್ಲ.

“ಹಿಂಗಾದ್ರ ನಿನ್ನ ದವಾಖಾನಿಗೆ ಹಾಕಬೇಕಾಗ್ತದ ನೋಡು,” ಎಂದರು.

ಎದ್ದೆ. ಗೋಡೆ ಹಿಡಿದು ಆರು ಹೆಜ್ಜೆ ನಡೆದು ಬಾಗಿಲು ತಟ್ಟಿದೆ. ಆ ಚಾಳಿಗೆ ಬಂದ ಮೇಲೆ ನಾನಾಗಿ ತಟ್ಟಿದ ಮೊದಲ ಬಾಗಿಲು ಅದು.

“ಎಮ್ಮಿ ಏನಾತ್ರಿ ಅಕ್ಕಾ? ಮೇವಿಗೆ ಬಾಯಿ ಹಾಕಿತೇನ್ರಿ?”

ವಾರಿಜಕ್ಕ ಕಣ್ಣರಳಿಸಿದಳು. “ಎಂತ ಮಾರಾಯ್ತಿ! ಕಳೆದ ಸಲ ಬದುಕಿದ ಎಮ್ಮೆ ಈ ಸಲ ಸಾಯ್ತದಾ? ಬಾ, ಒಳಗೆ ಬಂದು ಕೂತ್ಕೋ.”

ನಿಮ್ಮ ಅಜ್ಜ ಬಟ್ಟಲು ಹಿಡಿದು ಹಿಂದೆಯೇ ಬಂದರು. ಎಮ್ಮೆಯೂ ನಾನೂ ಒಟ್ಟಿಗೆ ಬಾಯಿ ಹಾಕಿದೆವು. ಆಮೇಲೆ ಅವರು ಇದ್ದಷ್ಟು ದಿನವೂ, ನಾನು ಊಟ ಬೇಡವೆಂದರೆ ಸಾಕು, “ಎಮ್ಮಿ ಕರಸಲೇನ?” ಎನ್ನುತ್ತಿದ್ದರು.

ಹಾಗೆ ಕೇಳುವವರು ಈಗಿಲ್ಲ. ಆದ್ದರಿಂದ ಮುಂದಿನ ಜ್ವರಕ್ಕೆ ನನಗೆ ಕಥೆ ಗೊತ್ತಿರುವ ಹಳೆಯ ಧಾರಾವಾಹಿ ಹಾಕಿ, ಬಾಗಿಲು ತೆರೆದೇ ಇಡಿ. ಈ ಮೊಣಕಾಲಿನಲ್ಲಿ ಎದ್ದು ಬಂದು ತಟ್ಟುವುದು ಇನ್ನು ನನ್ನಿಂದಾಗದು.