ನನಗೆ ಹೇಳಿದ ಉಪವಾಸ

ರಂಜಾನ್ ತಿಂಗಳು ಬಂತೆಂದರೆ ದೊಡ್ಡಬಳ್ಳಾಪುರದ ನಮ್ಮ ಸಣ್ಣ ಆಸ್ಪತ್ರೆಯಲ್ಲಿ ಸುಳ್ಳುಗಳೂ ಶುರುವಾಗುತ್ತಿದ್ದವು. ಸಕ್ಕರೆ ಕಾಯಿಲೆಯ ಮುಸ್ಲಿಂ ಹೆಂಗಸರನ್ನು "ತಿಂಡಿ ಆಯ್ತಾ?" ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ, ಆಯ್ತು. ತುಟಿ ನೋಡಿದರೆ ಒಣಗಿ ಬಿರಿದಿರುತ್ತಿತ್ತು. ನಿಜ ಹೇಳಿದರೆ ಬೈಗುಳ ಗ್ಯಾರಂಟಿ ಎಂದು ಅವರಿಗೆ ಗೊತ್ತು. ಬೈದು ಕಳಿಸುವುದು ನರ್ಸುಗಳಾದ ನಮಗೂ ಸುಲಭ. ನೇಯ್ಗೆಯವರ ಮನೆಯಲ್ಲಿ ಹುಟ್ಟಿದ ನನಗೆ ಮಗ್ಗದ ಶೆಡ್ಡುಗಳಲ್ಲಿ ಕಿವಿಗೆ ಬಿದ್ದ ಮುರುಕು ಉರ್ದು ಬರುತ್ತಿತ್ತು. ಅದರಲ್ಲೇ ಮೆಲ್ಲಗೆ ಕೇಳಿದರೆ ಕೆಲವರು ಬಾಯಿ ಬಿಡುತ್ತಿದ್ದರು.

ಹಾಗೆ ಬಾಯಿ ಬಿಟ್ಟವರಲ್ಲಿ ಒಬ್ಬಾಕೆ ಮನೆಯಲ್ಲೇ ಕೂತು ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದರು. ಕಾಲಿನ ಹೆಬ್ಬೆರಳ ಹುಣ್ಣು ಮಾಯದೆ ಡ್ರೆಸ್ಸಿಂಗಿಗೆ ಬರುತ್ತಿದ್ದರು. ನಾನು ಬ್ಯಾಂಡೇಜು ಬಿಚ್ಚುವಾಗ ಬಗ್ಗಿ ಹೇಳಿದರು: "ರೋಜಾ ಇದೀನಿ ಸಿಸ್ಟರ್. ಬೆಳಿಗ್ಗೆ ಸೂಜಿ ಬಿಟ್ಬಿಟ್ಟಿದೀನಿ. ಯಾರ್ಗೂ ಹೇಳ್ಬೇಡಿ."

"ಡಾಕ್ಟರ್‌ಗೆ ಹೇಳ್ಲೇಬೇಕಮ್ಮಾ. ಸೂಜಿ ಬಿಟ್ರೆ ಹುಣ್ಣು ಮಾಯಲ್ಲ. ನಾನೇ ಹೇಳ್ತೀನಿ, ಅವ್ರು ಬೈಯಲ್ಲ," ಎಂದೆ. ಹೂಂ ಎಂದು ತಲೆಯಾಡಿಸಿದರು.

ಡಾಕ್ಟರು ರೋಜಾ ಉಪವಾಸ ಬೇಡವೆಂದೇ ಹೇಳಿದರು. ಆಕೆ ಒಪ್ಪಲಿಲ್ಲ. ಕೊನೆಗೆ ಡಾಕ್ಟರೇ ಇನ್ಸುಲಿನ್ ಸೂಜಿಯ ಹೊತ್ತನ್ನೂ ಪ್ರಮಾಣವನ್ನೂ ಸಂಜೆಯ ಇಫ್ತಾರ್‌ಗೆ, ನಸುಕಿನ ಸಹರಿ ಊಟಕ್ಕೆ ಹೊಂದಿಸಿಕೊಟ್ಟರು. ಸಕ್ಕರೆ ಕುಸಿದರೆ ಆ ಕ್ಷಣವೇ ರೋಜಾ ಮುರಿಯಬೇಕೆಂದು ನಾನು ಮಾತು ತೆಗೆದುಕೊಂಡೆ. ಹುಣ್ಣಿನ ಅಂಚಿನಲ್ಲಿ ಹೊಸ ಚರ್ಮ ಕಾಣಿಸಿದ ದಿನ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಹುಚ್ಚಿಯ ಹಾಗೆ ಒಬ್ಬಳೇ ನಗುತ್ತಿದ್ದೆ.

ಆಮೇಲೆ ನನಗೆ ರಜೆ ಇತ್ತು. ನಮ್ಮ ಜಾಗಕ್ಕೆ ಬರುವ ನರ್ಸಿಗೆ ರೋಗಿಯ ವಿಷಯ ಪೂರ್ತಿ ಒಪ್ಪಿಸಿ ಹೋಗುವುದು ನಮ್ಮ ಕೆಲಸದ ಕ್ರಮ. ಮುಚ್ಚಿಟ್ಟರೆ ರೋಗಿಯ ಜೀವಕ್ಕೇ ಕುತ್ತು. ಬರುವವಳು ನನ್ನ ಗೆಳತಿ, ವರ್ಷಗಟ್ಟಲೆ ಒಂದೇ ಡಬ್ಬಿಯಲ್ಲಿ ಉಂಡವರು ನಾವು. ಎಲ್ಲ ಹೇಳಿದೆ. "ಮೆಲ್ಲಗೆ ಮಾತಾಡ್ಸೇ, ಹೆದರ್ಕೋತಾರೆ," ಅಂತಲೂ ಹೇಳಿದೆ.

"ನಂಗೊತ್ತಿಲ್ವೇನೇ," ಅಂದಳು.

ರಜೆ ಮುಗಿಸಿ ಬಂದಾಗ ನಡೆದದ್ದನ್ನು ಆಯಾ ಹೇಳಿದಳು. ಸಾಲಿನಲ್ಲಿ ಕೂತ ಅಷ್ಟೂ ಜನರ ಮುಂದೆ ನನ್ನ ಗೆಳತಿ, "ಇವ್ರಿಗೆ ಉಪವಾಸ ಬೇಕು, ಕಾಲು ಬೇಡ. ಕೊಳೆತ್ಮೇಲೆ ಬಂದು ನಮ್ಮ ತಲೆ ಮೇಲೆ ಕೂರ್ತಾರೆ. ಇವ್ರ ಜನಾನೇ ಹಿಂಗೆ," ಅಂದಿದ್ದಳಂತೆ. ಆಕೆ ಡ್ರೆಸ್ಸಿಂಗ್ ಮಾಡಿಸಿಕೊಳ್ಳದೆ ಎದ್ದು ಹೋಗಿದ್ದರು.

ನನ್ನ ಮೈ ಉರಿದುಹೋಯಿತು. ಕೇಳಿದರೆ ಗೆಳತಿ ಡಬ್ಬಿಯ ಮುಚ್ಚಳ ತೆಗೆಯುತ್ತಲೇ, "ಅವ್ರ ಒಳ್ಳೇದಕ್ಕೇ ಅಂದಿದ್ದು ಕಣೇ. ಶನಿವಾರ ಒಪ್ಪತ್ತು ಮಾಡ್ತಾರೆ ಅಂತ ನಮ್ಮಜ್ಜಿಗೂ ಹಿಂಗೇ ಬೈತೀನಿ," ಎಂದಳು. ನಿಮ್ಮಜ್ಜಿಗೆ ಯಾರೂ 'ನಿಮ್ಮ ಜನಾನೇ ಹಿಂಗೆ' ಅನ್ನುವುದಿಲ್ಲ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಇಲ್ಲ, ಅರ್ಥವಾಗಿತ್ತು. ನನಗೆ ತಡೆಯಲಾಗದಿದ್ದದ್ದು ಅದೇ. ಅವತ್ತಿನಿಂದ ನನ್ನ ಊಟ ಬೇರೆಯಾಯಿತು.

ಆಕೆಯ ಮನೆಗೆ ಹೋದೆ. ಬಾಗಿಲಿಗೆ ಬಂದ ಸೊಸೆ, ಅತ್ತೆ ಹಿಂದೂಪುರಕ್ಕೆ ಹೋಗಿದ್ದಾರೆ ಎಂದಳು. ಅವಳ ಹಿಂದಿನ ಪರದೆಯ ಕೆಳಗೆ ಬ್ಯಾಂಡೇಜು ಕಟ್ಟಿದ ಕಾಲು ಕಾಣುತ್ತಿತ್ತು. ನಾನು ಕಟ್ಟಿದ ಬ್ಯಾಂಡೇಜೇ, ಮಾಸಿಹೋಗಿತ್ತು.

"ಬಂದ್ಮೇಲೆ ಕಳಿಸಮ್ಮಾ, ನಾನೇ ಇರ್ತೀನಿ," ಎಂದು ಪರದೆಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿ ವಾಪಸಾದೆ.

ಹಬ್ಬ ಕಳೆದ ಮೇಲೆ ಮಗ ಆಕೆಯನ್ನು ಆಟೋದಲ್ಲಿ ಕರೆತಂದ. ಬೆರಳು ಕಪ್ಪಾಗಿತ್ತು. ಇನ್ನು ತೆಗೆಯದೆ ಬೇರೆ ದಾರಿಯಿಲ್ಲ, ಈಗಲೇ ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಹೊರಡುವ ಮುಂಚೆ ಶುಚಿ ಮಾಡಿ ಕಟ್ಟೋಣವೆಂದು ಟ್ರೇ ಹಿಡಿದು ಹತ್ತಿರ ಹೋದೆ. ಆಕೆ ಕಾಲನ್ನು ಹಿಂದಕ್ಕೆಳೆದುಕೊಂಡರು. ಬಾಗಿಲ ಬಳಿ ನಿಂತಿದ್ದ ನನ್ನ ಗೆಳತಿಯತ್ತ ಕೈ ತೋರಿಸಿದರು.

"ಅವ್ರು ಕಟ್ಲಿ. ಅವ್ರು ಎದ್ರಿಗೇ ಬೈದ್ರು. ನೀವು ನಗ್ತಾ ಕೇಳಿಸ್ಕೊಂಡು ಹೋಗಿ ಎಲ್ರಿಗೂ ಹೇಳ್ಬಿಟ್ರಿ."

ನಾನು ಹೇಳಿದ್ದು ಅವಳೊಬ್ಬಳಿಗೇ, ಅದೂ ಮೆಲ್ಲಗೆ ಮಾತಾಡಿಸಲೆಂದು ಎನ್ನಲು ಗೆಳತಿಗೆ ಒಂದು ಮಾತು ಸಾಕಿತ್ತು. ಅವಳು ಬಂದು ನನ್ನ ಕೈಯಿಂದ ಟ್ರೇ ತೆಗೆದುಕೊಂಡಳು.