ಗೋಡೆಯಾಚೆಯ ಒರತೆ

ಡೀಲಿಯಾ ಹದಿಮೂರರ ಹುಡುಗಿಯಾಗಿದ್ದಾಗಲೇ ಲೋವೆಲ್ ದೊರೆಗಳ ಬಂಗಲೆಯ ಕೆಲಸಕ್ಕೆ ಸೇರಿದಳು. ದೊರೆಸಾನಿಯ ಸ್ನಾನಕ್ಕೆ, ಆಕೆಯ ನಾಯಿಗಳ ಸ್ನಾನಕ್ಕೆ, ಒರತೆಯಿಂದ ನೀರು ಹೊತ್ತು ಮಹಡಿ ಹತ್ತುವುದೇ ಅವಳ ಕೆಲಸ. ಮಲಕಿ ಟಾರ್ಪಿಯನ್ನು ಮದುವೆಯಾಗಿ ಎಸ್ಟೇಟಿನ ಗೋಡೆಯಾಚೆಯ ಒಕ್ಕಲುಮನೆಗೆ ಬಂದಮೇಲೆ ಆ ನೀರು ಅವಳಿಗೆ ದಕ್ಕದೆ ಹೋಯಿತು. ಒರತೆ ಗೋಡೆಗೆ ಒತ್ತಿಕೊಂಡೇ ಇತ್ತು, ಆದರೆ ಒಳಗಡೆ.

ಆ ಗೋಡೆಯನ್ನು ಕಟ್ಟಿದವನು ಮಲಕಿಯ ಅಜ್ಜನೇ. ಕ್ಷಾಮದ ಕಾಲದಲ್ಲಿ ಬೋಗುಣಿ ಗಂಜಿಗಾಗಿ ಕಲ್ಲು ಹೊತ್ತು, ತಾನು ಕುಡಿಯುತ್ತಿದ್ದ ಒರತೆಯನ್ನೇ ದೊರೆಯ ಪಾಲಿಗೆ ಸೇರಿಸಿ ಕಟ್ಟಿದ್ದ. “ಒಂದು ಕಲ್ಲೂ ಅಲುಗಿಲ್ಲ” ಎಂದು ಮನೆಯ ಗಂಡಸರಿಗೆ ಹೆಮ್ಮೆ. ಹೆಂಗಸರು ಮಾತ್ರ ಆ ಗೋಡೆಯನ್ನು ಬಳಸಿ, ಗುಡ್ಡ ಇಳಿದು, ಚರ್ಚಿನ ಹಿಂದಿನ ಬಾವಿಯಿಂದ ನೀರು ತರುತ್ತಿದ್ದರು.

ದೇಶ ಸ್ವತಂತ್ರವಾಯಿತು. ಲೋವೆಲ್‌ಗಳ ಜಮೀನನ್ನು ಸರಕಾರ ಕೊಂಡು ಒಕ್ಕಲುಗಳಿಗೆ ಹಂಚಲು ಹೊರಟಿತು. ಗಂಡಸರ ಬಾಯಲ್ಲಿ ಹೊಲದ ಮಾತೊಂದೇ.

“ಒರತೆ ಈಚೆ ಬರೋ ಹಾಗೆ ಗೆರೆ ಎಳೆಸು, ಮಲಕಿ,” ಎಂದಳು ಡೀಲಿಯಾ.

“ಹೊಲ ಸಿಗ್ತಿರೋವಾಗ ಒರತೆ ಒರತೆ ಅಂತೀಯಲ್ಲೇ! ನೀರು ಮನೇಲಿ ಯಾವಾಗ್ಲೂ ಇರತ್ತಲ್ಲ.”

“ಇರತ್ತೆ. ಅದಕ್ಕೆ ಕಾಲು ಬಂದಿದೆ ನೋಡು, ತಾನೇ ನಡ್ಕೊಂಡು ಬರತ್ತೆ.”

ಮಾರನೆಯ ದಿನ ಜಮೀನು ಅಳೆಯುವ ಅಧಿಕಾರಿ ಹೆಷನ್ ಮನೆಗೆ ಬಂದ. ಬಂದವರು ಚಹಾ ಕುಡಿಯದೆ ಹೊಸಿಲು ದಾಟುವಂತಿಲ್ಲ. ಡೀಲಿಯಾ ಅಂದು ಬಾವಿಗೆ ಹೋಗಲಿಲ್ಲ. ಬಾಗಿಲೆದುರಿನ ಜೌಗು ಹೊಂಡದ ಕಂದುನೀರನ್ನೇ ಕೆಟಲಿಗೆ ತುಂಬಿ ಕುದಿಸಿದಳು.

ಹೆಷನ್ ಒಂದು ಗುಟುಕು ಹೀರಿ ಮುಖ ಹಿಂಡಿದ. “ಇದ್ಯಾವ ನೀರಮ್ಮಾ?”

“ನೀವು ನಮಗೆ ಕೊಡ್ತಿರೋ ಹೊಲದ್ದೇ ಸಾಹೇಬ್ರೆ. ಅಲ್ಲಿರೋದು ಇದೊಂದೇ. ಒಳ್ಳೇದು ಬೇಕಿದ್ರೆ ಕೂತಿರಿ, ತರ್ತೀನಿ. ಬರೋಷ್ಟರಲ್ಲಿ ಕತ್ತಲಾಗತ್ತೆ.”

ಮಲಕಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹೆಷನ್ ಲೋಟಗಳನ್ನು ಸರಿಸಿ ನಕ್ಷೆ ಹಾಸಿದ. ಅದರಲ್ಲಿ ಬಂಗಲೆಯಿತ್ತು, ಕುದುರೆಲಾಯವಿತ್ತು, ಒರತೆ ಇರಲಿಲ್ಲ. ಡೀಲಿಯಾ ಅದಿರಬೇಕಾದ ಜಾಗದ ಮೇಲೆ ಬೆರಳಿಟ್ಟಳು.

“ಇದನ್ನ ಎಲ್ಲ ಮನೆಗಳಿಗೂ ಸೇರಿದ್ದು ಅಂತ ಬಿಡಬಹುದು,” ಎಂದ ಹೆಷನ್. “ಆದ್ರೆ ದಾರಿಗೆ ನಿಮ್ಮ ಹುಲ್ಲುಗಾವಲಿನ ಒಂದು ಮೂಲೆ ಹೋಗತ್ತೆ, ಮಲಕಿ.”

ಮಲಕಿ ಜಗಳಕ್ಕೆ ಬಾಯಿ ತೆರೆದ. ಗಂಟಲು ಸರಿಮಾಡಿಕೊಳ್ಳಲು ಮರೆತು ಅದೇ ಚಹಾ ಗುಟುಕರಿಸಿದ. ಮುಖ ಹಿಂಡಿ ಲೋಟ ಕೆಳಗಿಟ್ಟ.

“ಹೋಗ್ಲಿ ಬಿಡಿ ಸಾಹೇಬ್ರೆ,” ಎಂದ.

ಗೋಡೆ ಒಡೆಯುವ ಕೆಲಸ ಅವನ ಪಾಲಿಗೇ ಬಂತು. ಹಾರೆ ಹಾಕಿದಲ್ಲೆಲ್ಲ ಕಲ್ಲು ಜಪ್ಪಯ್ಯ ಅನ್ನಲಿಲ್ಲ. “ಅಜ್ಜ ಹಾಳಾದೋನು, ಏನು ಗಟ್ಟಿ ಕಟ್ಟಿದಾನೆ!” ಎಂದು ಅವನು ಬೈಯುವುದು ಅಡುಗೆಮನೆಗೆ ಕೇಳಿಸುತ್ತಿತ್ತು. ಡೀಲಿಯಾಗೆ ನಗು ತಡೆಯಲಾಗಲಿಲ್ಲ.

ಗೋಡೆಯಲ್ಲಿ ಗಂಡಿ ಬಿದ್ದ ದಿನ ಅವಳು ಬಕೆಟ್ ಮುಟ್ಟಲಿಲ್ಲ. ಕೆಟಲ್ ಹಿಡಿದು ಹೋಗಿ ತುಂಬಿ ತಂದು ಒಲೆಗಿಟ್ಟಳು. ಅದು ಕಾಯುವಷ್ಟರಲ್ಲಿ ಇನ್ನೊಮ್ಮೆ ಹೋದಳು, ಈ ಸಲ ಒಂದು ಲೋಟ ಹಿಡಿದು. ಒರತೆಯ ಬದಿಯ ಕಲ್ಲಿನ ಮೇಲೆ ಕೂತು ಕುಡಿದಳು. ಯಾರಿಗೂ ಏನೂ ಹೊತ್ತು ತರದೆ ವಾಪಸು ಬಂದಳು.